ಧೋತರ ಬಿದ್ದ ಮೇಲೆ

ಹೋದ ತಿಂಗಳು ಒಂದು ಶನಿವಾರ ನನ್ನ ಅಂಗಿಯ ಜೇಬಿನಲ್ಲಿ ಹತ್ತಿಯ ಎರಡು ಉಂಡೆಗಳು ಸಿಕ್ಕವು. ಸಿಕ್ಕವು ಎನ್ನುವುದಕ್ಕಿಂತ, ಅವು ಬಕೆಟ್ಟಿನ ನೀರಿನಲ್ಲಿ ಬಿಚ್ಚಿಕೊಂಡು ನನ್ನ ನೀಲಿ ಪ್ಯಾಂಟಿಗೂ ನನ್ನ ಹೆಂಡತಿ ಇಂದುಮತಿಯ ಕರಿ ಕುಪ್ಪಸಕ್ಕೂ ಮೆತ್ತಿಕೊಂಡ ಮೇಲೆ ಪತ್ತೆಯಾದವು ಎಂದರೆ ಸರಿ. ಆಕೆ ಒದ್ದೆ ಪ್ಯಾಂಟನ್ನು ಎತ್ತಿ ಹಿಡಿದು ಅಂಗಳದಿಂದಲೇ ಕೇಳಿದಳು.

"ಮತ್ತ ಹೋಗಿದ್ರೇನು ಆ ಹೊಲಸು ಸಿನಿಮಾಕ್ಕ?"

"ಹೋಗಬೇಕಲ್ಲ, ಬರಿಯೂದು ಅದ."

"ಬೈಯೂದು ಅದ ಅನ್ರಿ. ಬೈಲಿಕ್ಕೆ ಅಷ್ಟು ದೂರ ಯಾಕ ಹೋಗ್ಬೇಕು, ಮನ್ಯಾಗ ಕುಂತೇ ಬೈತೀರಿ ನೀವು."

ಆಕೆಯ ಮಾತಿನಲ್ಲಿ ಹುರುಳಿಲ್ಲದಿಲ್ಲ. ನಾನು ಅಫಜಲಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಜೊತೆಗೆ ಕಲಬುರಗಿಯ ಪತ್ರಿಕೆಯೊಂದಕ್ಕೆ ಭಾನುವಾರದ ಸಿನಿಮಾ ವಿಮರ್ಶೆ ಬರೆಯುತ್ತೇನೆ. ನಮ್ಮೂರಿನ ಟಾಕೀಸಿಗೆ ಬರುವುದು ಹೆಚ್ಚಾಗಿ ಒಂದೇ ನಮೂನೆಯ ಹಾಸ್ಯಚಿತ್ರ. ಈ ಚಿತ್ರಗಳನ್ನು ತೆಗೆಯುವವರಿಗೆ ಒಂದು ಬಲವಾದ ನಂಬಿಕೆಯಿದೆ: ಹಾಸ್ಯ ಬಂತೆಂದು ಪ್ರೇಕ್ಷಕನಿಗೆ ತಾನಾಗಿ ತಿಳಿಯುವುದಿಲ್ಲ. ಆದ್ದರಿಂದ ಒಬ್ಬ ಜಾರಿ ಬಿದ್ದರೆ ಪೀಪಿ, ಹೊಟ್ಟೆ ಕೆಟ್ಟವನು ಚಂಬು ಹಿಡಿದು ಓಡಿದರೆ ಗುಡುಗು, ದಪ್ಪ ಹೆಂಗಸು ಒಳಗೆ ಬಂದರೆ ಆನೆಯ ಘೀಳು. ಈ ಸದ್ದುಗಳಿಂದ ಕಿವಿಯನ್ನು ಕಾಪಾಡಿಕೊಳ್ಳಲು ನಾನು ಹತ್ತಿ ಇಟ್ಟುಕೊಂಡು ಹೋಗುತ್ತೇನೆ. ಹತ್ತಿಗೇನೂ ನಮ್ಮ ಸೀಮೆಯಲ್ಲಿ ಬರವಿಲ್ಲ. ಹೊರಗೆ ಬರುವಾಗ ಅದನ್ನು ಬಾಗಿಲ ಬಳಿ ಎಸೆದು ಬರುವುದು ನನ್ನ ಪದ್ಧತಿ. ಆ ಶುಕ್ರವಾರ ಮಾತ್ರ ಸಿನಿಮಾ ಮುಗಿಯುವ ಮೊದಲೇ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ಯಾಕೆ ಎಂಬುದನ್ನು ಹೇಳಲೆಂದೇ ಕೂತಿದ್ದೇನೆ, ಆದರೆ ನನ್ನ ಸ್ವಭಾವ ನಿಮಗೆ ಗೊತ್ತು, ನೆಟ್ಟಗೆ ಹೇಳಿದರೆ ನನಗೆ ಸಮಾಧಾನವಿಲ್ಲ.

ದೊಡ್ಡ ಊರಿನ ವಿಮರ್ಶಕರ ಮೇಲೆ ನನಗೆ ಹೊಟ್ಟೆಕಿಚ್ಚು. ಅವರು ತಣ್ಣಗಿನ ಚಿತ್ರಮಂದಿರದಲ್ಲಿ ತಮ್ಮಂಥವರ ನಡುವೆಯೇ ಕೂತು, ಕಾಫಿ ಕುಡಿದು, 'ಅಭಿರುಚಿಹೀನ' ಎಂದು ಒಂದೇ ಪದ ಬರೆದು ಮನೆಗೆ ಹೋಗುತ್ತಾರೆ. ಯಾರ ಅಭಿರುಚಿ ಹೀನವೋ ಅವರ ಮುಖವನ್ನು ಅವರು ಜನ್ಮದಲ್ಲಿ ನೋಡಿರುವುದಿಲ್ಲ. ನಾನು ಹಾಗಲ್ಲ. ನಾನು ಬೈಯಬೇಕಾದವರ ತೊಡೆಗೆ ತೊಡೆ ತಾಗಿಸಿ ಕೂತು ಬೈಯಬೇಕು. ಮುಂದಿನ ಸಾಲಿನಲ್ಲಿ ಬೆಂಚಿನ ಮೇಲೆ ನಿಂತು ಸಿಳ್ಳೆ ಹಾಕುವವನಿಗೆ ಮರುದಿನ ಬೆಳಿಗ್ಗೆ ನಾನೇ ವ್ಯಾಕರಣ ಹೇಳಬೇಕು. ಅವನು ಹಾಜರಿ ಹೇಳುವ ಮೊದಲೇ ಕೇಳುತ್ತಾನೆ, "ಸರ, ನಿನ್ನಿ ನೀವು ಒಮ್ಮ್ಯಾರ ನಕ್ಕೀರೇನ್ರಿ?"

ಇನ್ನು ಅಭಿಮಾನಿಗಳು. ಈ ಜನರ ಬಗ್ಗೆ ನನಗೆ ಎಳ್ಳಷ್ಟೂ ಮೃದುತ್ವವಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ತೊದಲುವವನನ್ನು ನೋಡಿ ನಗುತ್ತಾರೆ, ಕುಂಟುವವನನ್ನು ನೋಡಿ ನಗುತ್ತಾರೆ, ಸೀರೆ ಉಟ್ಟ ಗಂಡಸನ್ನು ನೋಡಿದರಂತೂ ಕುರ್ಚಿಯಿಂದ ಕೆಳಗೆ ಬೀಳುತ್ತಾರೆ. ಹೋದ ಸಿನಿಮಾದಲ್ಲಿ ನಕ್ಕಿದ್ದಕ್ಕೇ ಈ ಸಿನಿಮಾದಲ್ಲೂ ನಗುತ್ತಾರೆ, ಅದೂ ಅದು ಬರುವುದಕ್ಕೆ ಅರ್ಧ ನಿಮಿಷ ಮೊದಲೇ. ಅವರ ಮುಂದಾಳು ಭೀಮಶಾ. ಟಾಕೀಸಿನ ಪ್ರಚಾರದ ಆಟೊ ಅವನದೇ. ಎರಡು ಕಡೆ ಪೋಸ್ಟರು, ಮೇಲೊಂದು ಮೈಕು. ಒಮ್ಮೆ ಅವನನ್ನು ಚಹಾದಂಗಡಿಯಲ್ಲಿ ಹಿಡಿದು ಕೇಳಿಯೇಬಿಟ್ಟೆ.

"ಏನ್ ಸಿಗ್ತದೋ ನಿಮಗ ಅದರಾಗ?"

"ನಗಿ ಸಿಗ್ತದ್ರಿ ಸರ. ದಿನಾ ಪೂರ್ತಿ ಹೊಲದಾಗ ದುಡದ ಬಂದ ಮಂದಿ. ನಗ್ಲಿ ಬಿಡ್ರಿ."

"ದುಡದ ಬಂದವಗ ಮುಗ್ಗಿದ ರೊಟ್ಟಿ ನೀಡಿದ್ರ ನಡೀತದೇನು?"

"ಹಸದವ ತಿಂತಾನ್ರಿ," ಎಂದು ಅವನು ನನ್ನ ಚಹಾಕ್ಕೂ ತಾನೇ ದುಡ್ಡು ಕೊಟ್ಟು ಎದ್ದು ಹೋದ.

ಅವನು ನನಗೆ ಮಾಡಿದ ದೊಡ್ಡ ಅಪಮಾನ ಅದಲ್ಲ. ಒಂದು ಭಾನುವಾರ ನಾನು ಒಂದು ಸಿನಿಮಾವನ್ನು ಮನಸಾರೆ ಬೈದು, 'ಈ ಚಿತ್ರವನ್ನು ನೋಡುವುದಕ್ಕಿಂತ ಮೂಗು ಮುಚ್ಚಿಕೊಂಡು ಗಟಾರದ ದಂಡೆಯಲ್ಲಿ ಕೂರುವುದು ಲೇಸು' ಎಂದು ಬರೆದೆ. ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಓಣಿಯಲ್ಲಿ ಭೀಮಶಾನ ಮೈಕು ಕೇಳಿಸಿತು. "ಬರ್ರಿ ಬರ್ರಿ. ನಮ್ಮ ಕಾಲೇಜಿನ ಸರ್ರು ಮೂಗು ಮುಚ್ಕೊಂಡು ಹೊರಗ ಬಂದ ಸಿನಿಮಾ. ಸರ್ರು ಪೇಪರಿನ್ಯಾಗ ಕೆಟ್ಟದಾಗಿ ಬೈದಾರ. ಇವತ್ತ ನೋಡ್ರಿ, ತಪ್ಪಿಸ್ಬ್ಯಾಡ್ರಿ." ಅಂದಿನ ಆಟಕ್ಕೆ ಜನ ಗೋಡೆಗೆ ಆತು ನಿಂತು ಸಿನಿಮಾ ನೋಡಿದರಂತೆ. ಅಂದಿನಿಂದ ನಾನು ಬೈದದ್ದೆಲ್ಲ ಊರಲ್ಲಿ ಶಿಫಾರಸು. ನಾನು ಎಷ್ಟು ಉರಿದು ಬರೆಯುತ್ತೇನೋ ಅಷ್ಟು ಜನ. ಒಂದು ವರ್ಷ ಅಭಿಮಾನಿ ಸಂಘದವರು ಕಾಲೇಜಿಗೇ ಬಂದು ನನಗೆ ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಇಟ್ಟು ಸತ್ಕಾರ ಮಾಡಿದರು. ನಮ್ಮ ಕಡೆ ಯಾರಿಗೆ ಬೇಕಾದರೂ ಸತ್ಕಾರ ಮಾಡುತ್ತಾರೆ, ಬೇಡವೆಂದರೂ ಬಿಡುವುದಿಲ್ಲ. ಪ್ರಾಚಾರ್ಯರು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಆ ಶಾಲನ್ನು ಇಂದುಮತಿ ಈಗ ಮಿಕ್ಸರಿಗೆ ಹೊದಿಸಿದ್ದಾಳೆ.

ನಾನು ಹೊಗಳಿಯೂ ನೋಡಿದ್ದೇನೆ. ಒಮ್ಮೆ ಅಪರೂಪಕ್ಕೆ ಒಂದು ಒಳ್ಳೆಯ ಚಿತ್ರ ದಾರಿ ತಪ್ಪಿ ನಮ್ಮೂರಿಗೆ ಬಂತು. 'ಸದಭಿರುಚಿಯ ಚಿತ್ರ, ಸಕುಟುಂಬ ನೋಡಬೇಕು' ಎಂದು ಬರೆದೆ. ಅದನ್ನು ಮರುದಿನವೇ ಎತ್ತಿಬಿಟ್ಟರು. ಟಾಕೀಸಿನ ಮ್ಯಾನೇಜರು ದಾರಿಯಲ್ಲಿ ಸಿಕ್ಕು, "ಸರ, ಅದೇನ್ ಪಾಪ ಮಾಡಿತ್ತು ನಿಮಗ?" ಎಂದು ಕೇಳಿದ.

ನನಗೆ ಈ ಬಗೆಯ ಹಾಸ್ಯದ ಮೇಲೆ ಇಷ್ಟು ಸಿಟ್ಟು ಯಾವಾಗ ಹುಟ್ಟಿತು ಎಂದು ಯೋಚಿಸಿದರೆ ನೆನಪು ನೇರವಾಗಿ ಆಳಂದ ತಾಲೂಕಿನ ನರೋಣಾಕ್ಕೆ ಹೋಗುತ್ತದೆ. ನಾನು ಹುಟ್ಟಿದ ಊರು. ನಾವು ಸಣ್ಣವರಿದ್ದಾಗ ಅಲ್ಲಿ ಸಿನಿಮಾ ಎಂದರೆ ಆಳಂದದಿಂದ ಬಾಡಿಗೆಗೆ ತರುತ್ತಿದ್ದ ವಿಸಿಆರ್. ಅದು ಮಧ್ಯಾಹ್ನದ ಬಸ್ಸಿನಲ್ಲಿ ಒಬ್ಬರ ತೊಡೆಯ ಮೇಲೆ ಕೂತು ಬರುತ್ತಿತ್ತು, ಸಂಜೆಯ ಬಸ್ಸಿಗೆ ವಾಪಸು ಹೋಗಬೇಕಿತ್ತು. ಶಾಲೆಯ ಒಂದು ಕೋಣೆಯ ಕಿಟಕಿಗಳಿಗೆ ಗೋಣಿಚೀಲ ಹೊಡೆದು ಕತ್ತಲು ಮಾಡುತ್ತಿದ್ದರು. ಒಳಗೆ ಬೆವರು, ಬೀಡಿ ಹೊಗೆ, ಹುರಿದ ಶೇಂಗಾ. ನಾನು ಸಿನಿಮಾವನ್ನು ಮೊದಲು ಮೂಸಿದವನು, ಆಮೇಲೆ ನೋಡಿದವನು.

ತರುತ್ತಿದ್ದದ್ದು ಹೆಚ್ಚಾಗಿ ಒಂದೇ ಕ್ಯಾಸೆಟ್ಟು. ಅದು ಕನ್ನಡದ್ದೋ ಮರಾಠಿಯದ್ದೋ ಈಗ ನೆನಪಿಲ್ಲ, ಅದರ ಹಾಸ್ಯಕ್ಕೆ ಭಾಷೆ ಬೇಕಾಗಿರಲಿಲ್ಲ. ಒಬ್ಬ ದಡ್ಡ ಆಳು. ದೊಡ್ಡ ಮನೆಯ ಮದುವೆ. ಅವನು ಎರಡೂ ಕೈಯಲ್ಲಿ ಲಾಡುವಿನ ಬುಟ್ಟಿ ಹಿಡಿದು ಹಂದರದ ನಡುವೆ ಬರುವಾಗ ಒಂದು ಆಡು ಅವನ ಧೋತರದ ತುದಿ ಹಿಡಿದು ಜಗ್ಗುತ್ತದೆ. ಧೋತರ ಬಿದ್ದುಹೋಗುತ್ತದೆ. ಬೀಗರು, ಹೆಂಗಸರು, ಮಕ್ಕಳು, ಬಾಜಾದವರು ಎಲ್ಲರೂ ನಗುತ್ತಾರೆ. ಅವನು ಬುಟ್ಟಿ ಇಳಿಸಲೂ ಆಗದೆ, ಮುಚ್ಚಿಕೊಳ್ಳಲೂ ಆಗದೆ ನಿಂತುಬಿಡುತ್ತಾನೆ.

ಇಷ್ಟಾಯಿತೋ ಇಲ್ಲವೋ, ಕೋಣೆಯ ತುಂಬ ಒಂದೇ ಕೂಗು. "ರಿವರ್ಸ್ ಹಚ್ರಿ." ಮತ್ತೆ ಹಿಂದಕ್ಕೆ ತಿರುಗಿಸಬೇಕು. ಧೋತರ ತಾನಾಗಿ ನೆಲದಿಂದ ಎದ್ದು ಅವನ ಸೊಂಟಕ್ಕೆ ಸುತ್ತಿಕೊಳ್ಳುವುದು, ಆಡು ಹಿಂದಕ್ಕೆ ನಡೆಯುವುದು, ಮತ್ತೆ ಮುಂದಕ್ಕೆ ಬಂದು ಜಗ್ಗುವುದು, ಮತ್ತೆ ನಗು. ನಮ್ಮ ಊರಿನ ಹಿರಿಯರು, ನಾನು ಕಾಲಿಗೆ ಬೀಳುತ್ತಿದ್ದ ದೊಡ್ಡ ದೊಡ್ಡ ಮನುಷ್ಯರು, ಕಣ್ಣೀರು ಒರೆಸಿಕೊಂಡು "ಇನ್ನೊಮ್ಮಿ, ಇನ್ನೊಮ್ಮಿ" ಎನ್ನುವರು. ಅಷ್ಟರಲ್ಲಿ ಸಂಜೆಯ ಬಸ್ಸು ಹಾರನ್ ಹೊಡೆಯುವುದು. ಮಷೀನು ಬಸ್ಸು ಹತ್ತುವುದು. ನಾನು ಆ ಸಿನಿಮಾದ ಕೊನೆಯನ್ನು ಕಡೆಗೂ ನೋಡಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. ಧೋತರ ಬಿದ್ದ ಮೇಲೆ ಅವನು ಮನೆಗೆ ಹೇಗೆ ಹೋದ? ಅಪ್ಪನನ್ನು ಕೇಳಿದೆ. "ಸಿನಿಮಾದವ್ರಿಗಿ ಮನಿ ಎಲ್ಲೀದೋ?" ಎಂದು ನಕ್ಕುಬಿಟ್ಟ. ನಾನು ಅತ್ತೆನೆಂದು ಓಣಿಯವರೆಲ್ಲ ಮತ್ತೆ ನಕ್ಕರು.

ಉತ್ತರ ಕೊಟ್ಟವನು ಅಂಬಾರಾಯ. ಪಕ್ಕದ ಮನೆಯವನು, ನನ್ನ ಓರಿಗೆಯವನು, ಹೊಟ್ಟೆ ಆಗಲೇ ಮುಂದೆ ಬಂದಿತ್ತು. ಶಾಲೆಯ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು, ಎಲ್ಲವನ್ನೂ ಕಣ್ಣಾರೆ ನೋಡಿದವನ ಹಾಗೆ ಹೇಳಿದ. "ಬಾಜಾದಾಗ ಒಬ್ಬ ಮುದುಕ ಇದ್ದಾನಲ್ಲ, ಅವಾ ನಗಲಿಲ್ಲ. ಡೋಲಿಗಿ ಹೊಚ್ಚಿದ ಕೆಂಪು ಅರಿಬಿ ಬಿಚ್ಚಿ ಅವಂಗ ಕೊಟ್ಟ. ಇವಾ ಉಟಗೊಂಡ. ಅದನ್ನ ಉಟಗೊಂಡು ಊರಾಗ ಹಾದು ಮನಿಗಿ ಹೋದ. ಅವನ ಮಗಳು ಸಣ್ಣಾಕಿ. ಬಾಗಲದಾಗ ನಿಂತಿದ್ಳು. 'ಅಪ್ಪಾ, ಹೊಸಾದು ಯಾವಾಗ ತಂದಿ' ಅಂದ್ಳು. 'ಈಗ ತಂದೇನವ್ವಾ' ಅಂದ."

"ಆಮ್ಯಾಲ?"

"ಆಮ್ಯಾಲ ರೊಟ್ಟಿ ತಿಂದ್ರು."

ಅಷ್ಟೇ. ನಾನು ಅವತ್ತು ನೆಮ್ಮದಿಯಿಂದ ಮಲಗಿದೆ. ಆಮೇಲೆ ಓದಿದ ಪುಸ್ತಕಗಳಲ್ಲಿ ಅದಕ್ಕಿಂತ ಒಳ್ಳೆಯ ಕೊನೆಗಳು ಸಿಕ್ಕಿರಬಹುದು, ನೆನಪಿಟ್ಟುಕೊಂಡದ್ದು ಕಡಿಮೆ.

ಅಂಬಾರಾಯ ಈಗ ಜೇವರ್ಗಿಯಲ್ಲಿದ್ದಾನೆ. ಹೆದ್ದಾರಿಯ ಪಕ್ಕದಲ್ಲಿ ಶಾಮಿಯಾನ ಮತ್ತು ಧ್ವನಿವರ್ಧಕದ ಅಂಗಡಿ. ಮದುವೆಗಳಲ್ಲಿ ಹಂದರ ಹಾಕಿಸುವುದರ ಜೊತೆಗೆ ಮೈಕು ಹಿಡಿದು ಬೀಗರನ್ನು ನಗಿಸುವುದೂ ಅವನ ಕೆಲಸವೇ. ಆ ನಗೆಚಾಟಿಕೆಗಳನ್ನು ಮೊಬೈಲಿನಲ್ಲಿ ಹರಿಬಿಟ್ಟ. ಜನ ಹುಚ್ಚೆದ್ದರು. ಹೋದ ವರ್ಷ ತಾನೇ ಸಿನಿಮಾ ತೆಗೆಯುತ್ತೇನೆಂದು ಹೊರಟ, ತಾನೇ ನಾಯಕ. ನಾನು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಬಿಡುಗಡೆಯ ಹಿಂದಿನ ದಿನ ಫೋನು ಮಾಡಿದ.

"ನಾಳಿ ನಿಮ್ಮೂರ ಟಾಕೀಸಿಗಿ ನನ್ನ ಸಿನಿಮಾ ಬರ್ತದ. ನೀ ಛಲೋತ್ನಾಗಿ ಬೈಯ್ಬೇಕು ನೋಡು."

"ಅದನ್ನ ಹೇಳ್ಬೇಕೇನು? ಬೈತೇನಿ."

"ಮುಲಾಜ ಮಾಡಬ್ಯಾಡ. ದೋಸ್ತ ಅಂತ ಒಂದು ಛಲೋ ಮಾತು ಬರದೀ, ನಂದು ಮುಗೀತು."

ಶುಕ್ರವಾರ ಮ್ಯಾಟಿನಿಗೆ ಹೋದೆ. ಹತ್ತಿ ಇಟ್ಟುಕೊಂಡು ಕೂತೆ. ಗೆಳೆಯನೆಂದು ಕಡಿಮೆ ಹೇಳುವುದಿಲ್ಲ, ಅಂಥ ಹೊಲಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಸೊನ್ನದ ಬ್ಯಾರೇಜಿನ ಮೇಲೆ ನಿಂತು ಯುಗಳ ಗೀತೆ ಹಾಡುವಾಗ ನಾಯಕನಿಗೆ ಹೊಟ್ಟೆ ಕೆಡುತ್ತದೆ, ಭೀಮೆಯ ನೀರನ್ನು ನೋಡಿ ಅವನು ಹೇಳುವ ಮಾತನ್ನು ನಾನು ಇಲ್ಲಿ ಬರೆಯಲಾರೆ. ಸಗಣಿ ಗುಂಡಿಯಲ್ಲಿ ಬೀಳುತ್ತಾನೆ, ಎದ್ದು ಪೂಜಾರಿಯನ್ನು ಅಪ್ಪಿಕೊಳ್ಳುತ್ತಾನೆ. ಅತ್ತೆಯ ಸೀರೆ ಉಟ್ಟು ಮಾವನ ಪಕ್ಕ ಮಲಗುತ್ತಾನೆ. ಪ್ರತಿಯೊಂದಕ್ಕೂ ಪೀಪಿ. ಜನ ಹೊರಳಾಡಿ ನಕ್ಕರು. ನಾನು ಮನಸ್ಸಿನಲ್ಲೇ ವಿಮರ್ಶೆಯ ವಾಕ್ಯಗಳನ್ನು ಮಸೆಯುತ್ತ ಕೂತೆ, ಒಂದೊಂದೂ ಹರಿತವಾಗುತ್ತಿತ್ತು.

ಕೊನೆಕೊನೆಗೆ ಒಂದು ಮದುವೆ ಬಂತು. ಅಂಬಾರಾಯ ಲಾಡುವಿನ ಬುಟ್ಟಿ ಹಿಡಿದು ಬಂದ. ಆಡು ಬಂತು. ಧೋತರ ಬಿತ್ತು. ಟಾಕೀಸಿನ ತಗಡು ಹಾರಿಹೋಗುವಂಥ ನಗು. ನಗುತ್ತಲೇ ಎಲ್ಲರೂ ಎದ್ದುಬಿಟ್ಟರು.

ಇದು ನಮ್ಮ ಟಾಕೀಸಿನ ಪದ್ಧತಿ. ಮ್ಯಾಟಿನಿ ಬಿಡುವುದಕ್ಕೆ ಐದು ನಿಮಿಷ ಮೊದಲೇ ಸೊನ್ನದ ಕಡೆಯ ಸಂಜೆ ಬಸ್ಸು ಬಿಡುತ್ತದೆ. ಹಳ್ಳಿಯಿಂದ ಬಂದವರು ದೊಡ್ಡ ನಗೆಯೊಂದು ಮುಗಿದ ಕೂಡಲೆ ಏಳುತ್ತಾರೆ. ಅವರನ್ನು ನಿಲ್ದಾಣಕ್ಕೆ ಒಯ್ಯಲು ಭೀಮಶಾ ಇನ್ನೂ ಮೊದಲೇ ಎದ್ದು ಬಾಗಿಲಿಗೆ ಆಟೊ ಹಚ್ಚಿರುತ್ತಾನೆ. ಊರಿನವರು ಹಳ್ಳಿಯವರನ್ನು ನೋಡಿ ತಾವೂ ಏಳುತ್ತಾರೆ. ನಮ್ಮಲ್ಲಿ ಯಾವ ಸಿನಿಮಾದ ಕೊನೆಯನ್ನೂ ಯಾರೂ ನೋಡಿಲ್ಲ.

ಬಾಗಿಲು ತೆರೆದು ಬೆಳಕು ಒಳಗೆ ಬಂತು. ತೆರೆಯ ಮೇಲೆ ಅಂಬಾರಾಯ ಹಾಗೇ ನಿಂತಿದ್ದ. ಪೀಪಿ ನಿಂತುಹೋಗಿತ್ತು. ಸ್ಪೀಕರು ಕೆಟ್ಟಿತೇನೋ ಎಂದು ನಾನು ಕಿವಿಯ ಹತ್ತಿ ತೆಗೆದೆ. ಕೆಟ್ಟಿರಲಿಲ್ಲ. ಬಾಜಾದ ಒಬ್ಬ ಮುದುಕ ಡೋಲಿನ ಮೇಲಿನ ಕೆಂಪು ಬಟ್ಟೆ ಬಿಚ್ಚುತ್ತಿದ್ದ. ಅಂಬಾರಾಯ ಅದನ್ನು ಉಟ್ಟ. ಜೇವರ್ಗಿಯ ಹೆದ್ದಾರಿಯ ಪಕ್ಕದಲ್ಲಿ, ಲಾರಿಗಳ ಧೂಳಿನಲ್ಲಿ, ಆ ದೊಡ್ಡ ಹೊಟ್ಟೆಯ ಕೆಳಗೆ ಗಿಡ್ಡದಾದ ಕೆಂಪು ಬಟ್ಟೆ ಹಿಡಿದುಕೊಂಡು ನಡೆದ. ಹಿನ್ನೆಲೆಯಲ್ಲಿ ಏನೂ ಸದ್ದಿಲ್ಲ, ಚಪ್ಪಲಿಯ ಸದ್ದು ಮಾತ್ರ. ಒಂದು ಬಾಗಿಲಲ್ಲಿ ಸಣ್ಣ ಹುಡುಗಿ ನಿಂತಿದ್ದಳು. ಅವಳು ಏನು ಕೇಳುತ್ತಾಳೆಂದು ಇಡೀ ಟಾಕೀಸಿನಲ್ಲಿ ಗೊತ್ತಿದ್ದವನು ನಾನೊಬ್ಬನೇ, ಇದ್ದವನೂ ನಾನೊಬ್ಬನೇ. ಹೇಳಲು ನಾಚಿಕೆಯಿಲ್ಲ, ಅತ್ತುಬಿಟ್ಟೆ.

ಲೈಟು ಹಾಕಿದಾಗ ಹಿಂದಿನ ಬಾಗಿಲಲ್ಲಿ ಅಂಬಾರಾಯನೇ ನಿಂತಿದ್ದ. ಅವನ ಪಕ್ಕದಲ್ಲಿ ಟಾಕೀಸಿನ ಮ್ಯಾನೇಜರು.

"ಕೊನಿ ನಿನ್ನ ಸಲವಾಗಿ ತಗದೇನಿ," ಎಂದ ಅಂಬಾರಾಯ. "ಉಳದದ್ದು ಅವರ ಸಲವಾಗಿ."

"ಅವ್ರು ನೋಡ್ಲೇ ಇಲ್ಲಲ್ಲೋ."

ಮ್ಯಾನೇಜರು ನಡುವೆ ಬಾಯಿ ಹಾಕಿದ. "ಅದನ್ನೇ ಹೇಳಾಕತ್ತೇನ್ರಿ ಸರ ಇವರಿಗೆ. ಖಾಲಿ ಕುರ್ಚಿಗೆ ಯಾಕ ತೋರಿಸ್ಬೇಕು? ಸೋಮವಾರದಿಂದ ಧೋತರ ಬೀಳೂದ್ರಾಗ ಬಂದ್ ಮಾಡಿ ಲೈಟ್ ಹಾಕಿಬಿಡ್ತೇವಿ. ಮುಂದಿನ ಶೋ ಲಗೂನ ಸುರು ಆಗ್ತದ."

ಅಂಬಾರಾಯ ನನ್ನ ಮುಖ ನೋಡಿದ. "ನೀ ಏನೂ ಬರೀಬ್ಯಾಡ ಕೊನಿ ಬಗ್ಗೆ. ಮನಸ್ಸು ಕರಗ್ತದ ಅಂತ ಬರದೀ ಅಂದ್ರ ನಾಳಿಂದ ಒಬ್ಬನೂ ಬರಂಗಿಲ್ಲ. ನೀ ನೋಡಿದಿಯಲ್ಲ, ಸಾಕು," ಎಂದ.

ಸಾಕು ಎಂದವನ ದನಿಯಲ್ಲಿ ಸಾಕಾಗಿರಲಿಲ್ಲ. ನಾನು ಮನೆಗೆ ಬಂದು ಅವತ್ತು ಬರೆಯಲಿಲ್ಲ. ಒಬ್ಬ ವಿಮರ್ಶಕನ ಬಾಳಿನಲ್ಲಿ ಮೆಚ್ಚುವಂಥದ್ದು ಬರುವುದೇ ಅಪರೂಪ, ಬಂದರೂ ಮೆಚ್ಚಿದೆನೆಂದು ಹೇಳಿದರೆ ಅದು ಸಾಯುತ್ತದೆ. ನಾನೇ ಕೈಯಾರೆ ಬೆಳೆಸಿಕೊಂಡ ಗತಿ. ಮರುದಿನ ಇಂದುಮತಿ ಪ್ಯಾಂಟಿನಿಂದ ಹತ್ತಿ ಬಿಡಿಸುತ್ತ ಕೂತಿದ್ದಳು, "ಬೈಲಿಕ್ಕೆ ಬರ್ತದಲ್ಲ ನಿಮಗ, ಅದನ್ನರ ಬರೋಬ್ಬರಿ ಮಾಡ್ರಿ," ಎಂದಳು. ಆಕೆ ಹಾಗೆ ಹೇಳಿದ್ದು ಊಟದ ಹೊತ್ತು ಮೀರಿದರೂ ನಾನು ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದಕ್ಕೆ. ನನಗೆ ಮಾತ್ರ ದಾರಿ ಕಂಡಿತು.

ಪೆನ್ನು ಹಿಡಿದು ಬೈದೆ. ಸಗಣಿ ಗುಂಡಿಯನ್ನು ಬೈದೆ, ಬ್ಯಾರೇಜನ್ನು ಬೈದೆ, ಸೀರೆಯನ್ನು ಬೈದೆ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಡೆಯ ವಾಕ್ಯ ಹೀಗೆ ಬರೆದೆ: 'ಧೋತರ ಬಿದ್ದ ನಂತರದ ಹತ್ತು ನಿಮಿಷ ಮರ್ಯಾದಸ್ಥರು ನೋಡತಕ್ಕದ್ದಲ್ಲ. ಪ್ರೇಕ್ಷಕರು ದಯಮಾಡಿ ಎಂದಿನಂತೆ ಅದಕ್ಕೆ ಮೊದಲೇ ಎದ್ದು ತಮ್ಮ ಬಸ್ಸು ಹಿಡಿಯಬೇಕೆಂದು ಕೈಮುಗಿದು ಬೇಡಿಕೊಳ್ಳುತ್ತೇನೆ.'

ಭಾನುವಾರ ಬೆಳಿಗ್ಗೆ ಭೀಮಶಾನ ಮೈಕು ನಮ್ಮ ಓಣಿಯಲ್ಲಿ ಎರಡು ಸಲ ಸುತ್ತಿತು. "ಕೊನಿಯ ಹತ್ತು ಮಿನಿಟ್ ನೋಡಬ್ಯಾಡ್ರಿ ಅಂತ ಸರ್ರು ಕೈ ಮುಗದಾರ. ಅದರಾಗ ಏನದ ಅಂತ ನೀವೇ ಬಂದು ನೋಡ್ರಿ."

ಸಂಜೆ ನಾನು ಬಾಳೆಹಣ್ಣು ಕೊಳ್ಳುವ ನೆಪದಲ್ಲಿ ಬಸ್‌ ನಿಲ್ದಾಣಕ್ಕೆ ಹೋಗಿ ನಿಂತೆ. ಸೊನ್ನದ ಬಸ್ಸು ನಿಂತಿತ್ತು. ಟಾಕೀಸಿನ ಕಡೆಯಿಂದ ಯಾರೂ ಬರಲಿಲ್ಲ. ಕಂಡಕ್ಟರು ಕೆಳಗಿಳಿದು ರಸ್ತೆ ನೋಡಿದ, ಸೀಟಿ ಊದಿದ, ಮತ್ತೆ ನೋಡಿದ. "ಏನಾತ್ರಿ ಇವತ್ತ ಟಾಕೀಸಿನ ಮಂದಿಗಿ? ಒಬ್ಬರೂ ಇಲ್ಲ," ಎಂದು ನನ್ನನ್ನೇ ಕೇಳಿದ. ನನಗೆ ಗೊತ್ತಿಲ್ಲವೆಂದೆ. ಒಂದಿಬ್ಬರು ಮುದುಕಿಯರನ್ನು ಹತ್ತಿಸಿಕೊಂಡು ಬಸ್ಸು ಹೊರಟುಹೋಯಿತು.

ಸ್ವಲ್ಪ ಹೊತ್ತಿಗೆ ಜನ ಬಂದರು. ಎಂದಿನಂತೆ ಆಡಿನ ಹಾಗೆ ಕೂಗುತ್ತ, ಒಬ್ಬರ ಧೋತರ ಒಬ್ಬರು ಜಗ್ಗುತ್ತ ಬರಲಿಲ್ಲ, ಸುಮ್ಮನೆ ಬಂದರು. ಬಸ್ಸಿಲ್ಲದ್ದನ್ನು ನೋಡಿ ಹಳ್ಳಿಗೆ ಓಡುವ ಟಂಟಂ ಆಟೊಗಳ ಕಡೆ ತಿರುಗಿದರು. ನನ್ನ ವಿದ್ಯಾರ್ಥಿ ನನ್ನನ್ನು ನೋಡಿಯೂ ನೋಡದವನಂತೆ ಹೋದ. ಅವರ ಹಿಂದೆ ಭೀಮಶಾ ಆಟೊ ತಂದು ನನ್ನ ಮುಂದೆ ನಿಲ್ಲಿಸಿದ. ಒಳಗೆ ಒಬ್ಬ ಪ್ರಯಾಣಿಕನೂ ಇರಲಿಲ್ಲ. ಕಣ್ಣು ಕೆಂಪಗಿದ್ದವು. ಇಳಿಯದೆಯೇ ನನ್ನ ಮೇಲೆ ಹರಿಹಾಯ್ದ.

"ಸರ, ನೀವು ಸುಳ್ಳ ಬರದೀರಿ. ಆ ಹತ್ತು ಮಿನಿಟಿನ್ಯಾಗ ಹೊಲಸು ಅಂಬೋದು ಏನೂ ಇಲ್ಲ. ಮಂದಿಗೆಲ್ಲಾ ಬಸ್ ತಪ್ತು. ನನ್ನ ಧಂದಾ ಹೋತು."

"ಹೊಲಸು ಇಲ್ಲ ಅಂತ ಗೊತ್ತಾದ ಕೂಡ್ಲೆ ಎದ್ದು ಬರ್ಬೇಕಿತ್ತಪ್ಪ. ಯಾಕ ಕುಂತಿ?"

ಅವನು ಮೈಕಿನ ವೈರನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ.

"ಹ್ಯಾಂಗ ಬರ್ಲಿರಿ ಸರ," ಎಂದ. "ಅವಾ ಇನ್ನಾ ಮನಿ ಮುಟ್ಟಿರಲಿಲ್ಲ."